ಅರಿಕುಠಾರದ ಮೊಮ್ಮಗ

ಅಲಮೇಲಮ್ಮನ ಶಾಪದ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು. ಒಡವೆಗಾಗಿ ಬೆನ್ನಟ್ಟಿ ಬಂದವರನ್ನು ಶಪಿಸಿ ಆಕೆ ಕಾವೇರಿಗೆ ಹಾರಿದಳು. ಅಂದಿನಿಂದ ತಲಕಾಡು ಮರಳಾಯಿತು, ಮಾಲಂಗಿ ಮಡುವಾಯಿತು, ಮೈಸೂರು ದೊರೆಗಳಿಗೆ ಸಂತಾನವಿಲ್ಲವಾಯಿತು ಎಂದು ಜನ ನಂಬುತ್ತಾರೆ. ಆ ಶಾಪದ ಬಿಸಿ ಹೆಚ್ಚು ತಟ್ಟಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಎಂದು ನನಗನ್ನಿಸುತ್ತದೆ. ಅವರ ತಂದೆಯ ಊರು ನಮ್ಮ ಬದನಗುಪ್ಪೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯೂ ಹಿಡಿಯದ ಚಾಮರಾಜನಗರ.

ಆಗ ಅದರ ಹೆಸರು ಅರಿಕುಠಾರ. 1776ರಲ್ಲಿ ಗಾದಿಗೆ ವಾರಸುದಾರರಿಲ್ಲದಾಗ ಹೈದರಾಲಿ ಅರಸು ಮನೆತನಗಳ ಮಕ್ಕಳನ್ನು ಸೇರಿಸಿ, ಮುಂದೆ ಆಟದ ಸಾಮಾನು, ಹಣ್ಣು, ತಿಂಡಿ ಹರಡಿದನಂತೆ. ಉಳಿದವರು ಅವಕ್ಕೆ ಮುಗಿಬಿದ್ದರೆ ಅರಿಕುಠಾರದ ಹುಡುಗನೊಬ್ಬ ಕಠಾರಿ ಎತ್ತಿಕೊಂಡ. ಆ ಹುಡುಗನೇ ಖಾಸಾ ಚಾಮರಾಜ ಒಡೆಯರು. (ನಮ್ಮ ಸಿಇಟಿಗಿಂತ ಸಲೀಸು!) ಅವರ ಮಗ ಮುಮ್ಮಡಿ ಹುಟ್ಟಿದ್ದು 1794ರಲ್ಲಿ. ಎರಡು ವರ್ಷಕ್ಕೇ ತಂದೆ ತೀರಿಕೊಂಡರು. ಟಿಪ್ಪು ಮತ್ತೆ ಯಾರಿಗೂ ಪಟ್ಟ ಕಟ್ಟಲಿಲ್ಲ. ಅಜ್ಜಿ ಲಕ್ಷ್ಮಮ್ಮಣ್ಣಿಯವರ ಹಟದಿಂದ 1799ರಲ್ಲಿ ಐದು ವರ್ಷದ ಮಗುವಿಗೆ ಪಟ್ಟವಾಯಿತು.

ಆ ಪಟ್ಟ ಪೂರ್ತಿ ಕೈಯಲ್ಲಿ ಉಳಿಯಲಿಲ್ಲ. ನಗರದ ರೈತರ ದಂಗೆಯನ್ನು ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಆಗ ಅವರಿಗೆ 37. ಸಾಯುವವರೆಗೂ ಅಧಿಕಾರವಿಲ್ಲದ ದೊರೆಯಾಗಿಯೇ ಬದುಕಿದರು. ಚಿತ್ರಗಳ ಭಂಡಾರವಾದ ಶ್ರೀತತ್ತ್ವನಿಧಿ ಬರೆಸಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಲೆಕ್ಕಗಳನ್ನು ಕಟ್ಟಿದರು. ನಾವು ಲ್ಯಾಬಿನಲ್ಲಿ ಪ್ರೋಗ್ರಾಮ್ ಬರೆದು ಬಿಡಿಸುವುದನ್ನು ಅವರು ತಲೆಯಲ್ಲೇ ಬಿಡಿಸಿದರು. ಮಿಕ್ಕ ಹೊತ್ತೆಲ್ಲ ರಾಜ್ಯ ವಾಪಸು ಕೊಡಿ ಎಂಬ ಅರ್ಜಿಗಳಿಗೆ.

ಪಟ್ಟಕ್ಕೆ ಬರುವ ಗಂಡುಮಗು ಅವರಿಗೆ ಉಳಿಯಲಿಲ್ಲ. ಅದು ಬರಿಯ ಮನೆಯ ದುಃಖವಾಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ದತ್ತು ಮಗನಿಗೆ ರಾಜ್ಯವಿಲ್ಲ ಎಂದು ಡಾಲ್‌ಹೌಸಿ ಸತಾರಾ, ಝಾನ್ಸಿ, ನಾಗಪುರಗಳನ್ನು ನುಂಗಿದ್ದ. ಅಲಮೇಲಮ್ಮನಿಗಿಂತ ಈ ಕಾನೂನೇ ದೊಡ್ಡ ಶಾಪ ಎಂದು ನಾನಂತೂ ಹೇಳುತ್ತೇನೆ. ಎಪ್ಪತ್ತು ದಾಟಿದ ಮುಮ್ಮಡಿಯವರು ಹೆದರಲಿಲ್ಲ. 1865ರಲ್ಲಿ ಬೆಟ್ಟದಕೋಟೆ ಮನೆತನದ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಲಂಡನ್ನಿನವರೆಗೂ ವಾದ ನಡೆಯಿತು. 1867ರಲ್ಲಿ ಒಪ್ಪಿಗೆ ಬಂತು. ಮರುವರ್ಷ ಮಾರ್ಚಿನಲ್ಲಿ ಅವರು ಕಣ್ಣು ಮುಚ್ಚಿದರು. ಪಟ್ಟವೇರಿದ ಚಾಮರಾಜೇಂದ್ರರಿಗೂ ಆಗ ಐದೇ ವರ್ಷ. ರಾಜ್ಯ ಮನೆತನದ ಕೈಗೆ ಮರಳಿದ್ದು 1881ರಲ್ಲಿ.

ಮುಖವೂ ನೆನಪಿರದ ತಂದೆಗಾಗಿ ಮುಮ್ಮಡಿಯವರು ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ಅಲ್ಲಿಯ ಅಮ್ಮನವರಿಗೆ ಅವರ ತಾಯಿಯದೇ ಹೆಸರು, ಕೆಂಪನಂಜಾಂಬ. ಆ ದೇವರ ತೇರು ಹರಿಯುವುದು ಆಷಾಢದಲ್ಲಿ. ಆಷಾಢವೆಂದು ತವರಿಗೆ ಹೋದ ಹೊಸ ಸೊಸೆಯಂದಿರು ಆ ಒಂದು ದಿನ ಗಂಡನ ಜೊತೆ ಬಂದು ನಿಂತು, ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಸಂತಾನವಿಲ್ಲದಿರಲಿ ಎಂದು ಶಾಪ ಹೊತ್ತ ಮನೆಯವರು ಕಟ್ಟಿಸಿದ ಗುಡಿ ಇದೆಂದು ಆ ನೂಕುನುಗ್ಗಲಿನಲ್ಲಿ ಯಾರಿಗೂ ನೆನಪಿರುವುದಿಲ್ಲ.