ಮಾತಿನ ಹಿಂದಿನ ಭಾವ: ಗೌತಮ ಗಣಧರರ ಬಾಳು

ಮಾತು ನಾಲಗೆಯಿಂದ ಹೊರಡುವಂತೆ ಕಂಡರೂ ಅದರ ಮೂಲ ಇರುವುದು ಭಾವದಲ್ಲಿ. ಆಡುವವನ ಅಂತರಂಗದ ಕರುಣೆಯಾಗಲಿ ಕಷಾಯವಾಗಲಿ ಶಬ್ದದೊಡನೆ ಹೊರಟು ಕೇಳುವವನ ಅಂತರಂಗವನ್ನು ಮುಟ್ಟುತ್ತದೆ. ಜೈನಧರ್ಮವು ಮುನಿಗಳಿಗೆ ಭಾಷಾ ಸಮಿತಿಯನ್ನೂ ವಚನಗುಪ್ತಿಯನ್ನೂ ವಿಧಿಸಿರುವುದು ಈ ಕಾರಣದಿಂದಲೇ. ಹಿತವಾಗಿ, ಮಿತವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ಆಡುವುದು ಭಾಷಾ ಸಮಿತಿ. ಮಾತಿನ ಪ್ರವೃತ್ತಿಯನ್ನೇ ತಡೆದು ಮೌನದಲ್ಲಿ ನಿಲ್ಲುವುದು ವಚನಗುಪ್ತಿ. ಈ ನಿಯಮಗಳು ಬಾಳಿನಲ್ಲಿ ಹೇಗೆ ಫಲಿಸುತ್ತವೆ ಎಂಬುದನ್ನು ಭಗವಾನ್ ಮಹಾವೀರರ ಪ್ರಥಮ ಗಣಧರರಾದ ಇಂದ್ರಭೂತಿ ಗೌತಮರ ಜೀವನ ತೋರಿಸಿಕೊಡುತ್ತದೆ.

ಇಂದ್ರಭೂತಿ ಮಗಧ ದೇಶದ ಗೌತಮ ಗೋತ್ರದ ಬ್ರಾಹ್ಮಣ ವಿದ್ವಾಂಸರು. ವೇದ ವೇದಾಂಗಗಳಲ್ಲಿ ಪಾರಂಗತರು. ಅಗ್ನಿಭೂತಿ, ವಾಯುಭೂತಿ ಅವರ ಸೋದರರು. 500 ಶಿಷ್ಯರ ಬಳಗ ಅವರನ್ನು ಸದಾ ಅನುಸರಿಸುತ್ತಿತ್ತು. ಪಾಂಡಿತ್ಯ ಅಗಾಧವಾಗಿತ್ತು, ಅದರ ಜೊತೆಗೇ ಪಾಂಡಿತ್ಯದ ಮದವೂ ಬೆಳೆದಿತ್ತು. ಆ ದಿನಗಳಲ್ಲಿ ಅವರ ಮಾತಿನ ಗುರಿ ಎದುರಾಳಿಯನ್ನು ಗೆಲ್ಲುವುದೇ ಆಗಿತ್ತು.

ದಿಗಂಬರ ಪರಂಪರೆಯ ಪ್ರಕಾರ, ಭಗವಾನ್ ಮಹಾವೀರರಿಗೆ ವೈಶಾಖ ಶುಕ್ಲ ದಶಮಿಯಂದು ಕೇವಲಜ್ಞಾನ ಪ್ರಾಪ್ತವಾಯಿತು. ಸಮವಸರಣ ರಚನೆಯಾಯಿತು, ದೇವಮಾನವರು ನೆರೆದರು. ಆದರೆ 66 ದಿನಗಳ ಕಾಲ ದಿವ್ಯಧ್ವನಿ ಹೊರಡಲಿಲ್ಲ. ಅದನ್ನು ಗ್ರಹಿಸಿ ಧರಿಸಬಲ್ಲ ಗಣಧರರು ಅಲ್ಲಿರಲಿಲ್ಲ. ಇದನ್ನರಿತ ಇಂದ್ರನು ವೃದ್ಧ ಬ್ರಾಹ್ಮಣನ ವೇಷದಲ್ಲಿ ಇಂದ್ರಭೂತಿಯವರ ಬಳಿಗೆ ಬಂದು, ಕಾಲತ್ರಯ, ಷಡ್‌ದ್ರವ್ಯ, ನವ ಪದಾರ್ಥಗಳನ್ನು ಕುರಿತ ಒಂದು ಶ್ಲೋಕದ ಅರ್ಥವನ್ನು ವಿನಯದಿಂದ ಕೇಳಿದನು. ಮಹಾವಿದ್ವಾಂಸರಿಗೆ ಉತ್ತರ ಹೊಳೆಯಲಿಲ್ಲ. ಅದನ್ನು ಒಪ್ಪಿಕೊಳ್ಳಲು ಅಭಿಮಾನ ಬಿಡಲಿಲ್ಲ. ಆ ವೃದ್ಧನ ಗುರುವಿನೊಡನೆಯೇ ವಾದಿಸುವೆನೆಂದು ಅವರು ರಾಜಗೃಹದ ವಿಪುಲಾಚಲದತ್ತ ಹೊರಟರು.

ಸಮವಸರಣದ ಮಾನಸ್ತಂಭವನ್ನು ಕಂಡೊಡನೆ ಅವರ ಮಾನಕಷಾಯ ಕರಗಿತು. ಇಂದಿಗೂ ಕನ್ನಡ ನಾಡಿನ ಅನೇಕ ಬಸದಿಗಳ ಮುಂದೆ ನಿಂತಿರುವ ಮಾನಸ್ತಂಭಗಳು ಇದನ್ನೇ ನೆನಪಿಸುತ್ತವೆ. ವಾದಕ್ಕೆಂದು ಬಂದವರು ವಂದಿಸಿ ದೀಕ್ಷೆ ಪಡೆದರು. ಶ್ರಾವಣ ಕೃಷ್ಣ ಪ್ರತಿಪದೆಯಂದು ದಿವ್ಯಧ್ವನಿ ಹೊರಹೊಮ್ಮಿತು. ಆ ದಿನವನ್ನು ವೀರಶಾಸನ ಜಯಂತಿಯೆಂದು ಆಚರಿಸಲಾಗುತ್ತದೆ. ಆ ಧ್ವನಿ ಪ್ರತಿಯೊಂದು ಜೀವಿಗೂ ತನ್ನ ತನ್ನ ಭಾಷೆಯಲ್ಲೇ ಅರ್ಥವಾಯಿತೆಂದು ಪುರಾಣಗಳು ವರ್ಣಿಸುತ್ತವೆ. ರಾಗದ್ವೇಷಗಳಿಲ್ಲದ ಎದೆಯಿಂದ ಬಂದ ನುಡಿಗೆ ಭಾಷೆಯ ಗಡಿ ಅಡ್ಡಬರಲಿಲ್ಲ. ಅದನ್ನು ದ್ವಾದಶಾಂಗ ಶ್ರುತವಾಗಿ ರಚಿಸಿದ ಕೀರ್ತಿ ಗೌತಮರದು. ಗೆಲ್ಲಲು ಆಡುತ್ತಿದ್ದವರು ಕೇಳಲು ಕಲಿತಾಗ ಲೋಕಕ್ಕೆ ಶ್ರುತಜ್ಞಾನ ದೊರೆಯಿತು.

ಮದ ಕರಗಿದ ಮೇಲೂ ಮಾತಿನ ಪರೀಕ್ಷೆ ಮುಗಿಯಲಿಲ್ಲ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಬರುವ ಎರಡು ಪ್ರಸಂಗಗಳು ಇದಕ್ಕೆ ನಿದರ್ಶನ. ವಾಣಿಜ್ಯಗ್ರಾಮದ ಆನಂದನೆಂಬ ಶ್ರಾವಕನು ಸಲ್ಲೇಖನ ವ್ರತದಲ್ಲಿದ್ದನು. ಆಹಾರಚರ್ಯೆಗೆ ಹೊರಟಿದ್ದ ಗೌತಮರು ಅವನನ್ನು ಕಾಣಲು ಹೋದರು. ಏಳಲಾರದಷ್ಟು ಕೃಶನಾಗಿದ್ದ ಆನಂದನು ಅವರನ್ನು ಸಮೀಪಕ್ಕೆ ಕರೆದು ಪಾದಗಳಿಗೆ ವಂದಿಸಿ, ತನಗೆ ಬಹುದೂರದವರೆಗೆ ವ್ಯಾಪಿಸಿದ ಅವಧಿಜ್ಞಾನ ಉಂಟಾಗಿರುವುದನ್ನು ತಿಳಿಸಿದನು. ಗೃಹಸ್ಥನಿಗೆ ಇಷ್ಟು ವಿಶಾಲವಾದ ಅವಧಿಜ್ಞಾನ ಸಾಧ್ಯವಿಲ್ಲವೆಂದೂ, ಹೀಗೆ ನುಡಿದುದಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದೂ ಗೌತಮರು ಹೇಳಿದರು. ಸತ್ಯವನ್ನು ನುಡಿದವನಿಗೆ ಜಿನಶಾಸನದಲ್ಲಿ ಪ್ರಾಯಶ್ಚಿತ್ತವುಂಟೇ ಎಂದು ಆನಂದನು ವಿನಯದಿಂದಲೇ ಪ್ರಶ್ನಿಸಿದನು.

ಗೌತಮರ ಮಾತಿನಲ್ಲಿ ದ್ವೇಷವಿರಲಿಲ್ಲ. ಆದರೂ ಪರಾಮರ್ಶಿಸದೆ ಆಡಿದ ಆ ಮಾತು, ಕೊನೆಯ ಉಸಿರುಗಳನ್ನು ಎಣಿಸುತ್ತಿದ್ದ ಸಾಧಕನ ಮೇಲೆ ಅಸತ್ಯದ ಆರೋಪವನ್ನು ಹೊರಿಸಿತ್ತು. ಸಂಶಯದಿಂದ ಹಿಂದಿರುಗಿದ ಅವರು ಭಗವಾನರಲ್ಲಿ ವಿಷಯವನ್ನು ನಿವೇದಿಸಿದರು. ಆನಂದನ ಮಾತು ಸತ್ಯವೆಂದೂ, ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದವರು ಗೌತಮರೇ ಎಂದೂ ಭಗವಾನರು ತಿಳಿಸಿ, ಆ ಶ್ರಾವಕನಲ್ಲಿ ಕ್ಷಮೆ ಕೇಳುವಂತೆ ಆಜ್ಞಾಪಿಸಿದರು. 14,000 ಮುನಿಗಳ ಸಂಘದಲ್ಲಿ ಅಗ್ರಗಣ್ಯರಾಗಿದ್ದ ಗೌತಮರು ಒಬ್ಬ ಗೃಹಸ್ಥನ ಬಳಿಗೆ ಮರಳಿ ನಡೆದು ಕ್ಷಮೆ ಬೇಡಿದರು. ಪದವಿ ಅಡ್ಡಬರಲಿಲ್ಲ, ವಿಳಂಬವೂ ಆಗಲಿಲ್ಲ.

ಎರಡನೆಯ ಪ್ರಸಂಗ ರಾಜಗೃಹದ ಮಹಾಶತಕನದು. ಅವನ ಪತ್ನಿ ರೇವತಿ ಮದ್ಯದ ಅಮಲಿನಲ್ಲಿ ಬಂದು ಅವನ ವ್ರತಕ್ಕೆ ಭಂಗ ತರಲು ಮತ್ತೆ ಮತ್ತೆ ಯತ್ನಿಸಿದಳು. ಸಲ್ಲೇಖನದಲ್ಲಿದ್ದ ಅವನು ಒಮ್ಮೆ ಕೋಪಗೊಂಡು, ತನ್ನ ಅವಧಿಜ್ಞಾನದಿಂದ ಅರಿತು, ಅವಳು ಏಳು ರಾತ್ರಿಗಳೊಳಗೆ ರೋಗದಿಂದ ಸತ್ತು ನರಕಕ್ಕೆ ಹೋಗುವಳೆಂದು ನುಡಿದನು. ಆ ನುಡಿ ಸುಳ್ಳಾಗಿರಲಿಲ್ಲ. ಆದರೆ ಅದನ್ನು ಕೇಳಿದ ರೇವತಿ ಭಯದಿಂದ ತತ್ತರಿಸಿಹೋದಳು. ಭಗವಾನರು ಗೌತಮರನ್ನೇ ಮಹಾಶತಕನ ಬಳಿಗೆ ಕಳುಹಿಸಿದರು. ಸಲ್ಲೇಖನದಲ್ಲಿರುವ ಸಾಧಕನು ಪರರಿಗೆ ನೋವು ತರುವ ಕಠೋರ ಮಾತನ್ನು, ಅದು ಸತ್ಯವೇ ಆಗಿದ್ದರೂ, ಆಡಲಾಗದೆಂದು ಗೌತಮರು ತಿಳಿಹೇಳಿದರು. ಮಹಾಶತಕನು ಒಪ್ಪಿ ಪ್ರಾಯಶ್ಚಿತ್ತ ಮಾಡಿಕೊಂಡನು.

ಒಂದು ಪ್ರಸಂಗದಲ್ಲಿ ಮಾತು ತಪ್ಪಾಗಿತ್ತು, ಭಾವ ನಿರ್ಮಲವಾಗಿತ್ತು. ಇನ್ನೊಂದರಲ್ಲಿ ಮಾತು ಸರಿಯಾಗಿತ್ತು, ಭಾವ ಕಲುಷಿತವಾಗಿತ್ತು. ಎರಡಕ್ಕೂ ಪ್ರಾಯಶ್ಚಿತ್ತ ಬೇಕಾಯಿತು. ತತ್ತ್ವಾರ್ಥಸೂತ್ರವನ್ನು ವ್ಯಾಖ್ಯಾನಿಸುತ್ತ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿರುವುದೂ ಇದೇ ತತ್ತ್ವವನ್ನು: ವಿಷಯ ನಿಜವಿರಲಿ ಇಲ್ಲದಿರಲಿ, ಪ್ರಾಣಿಗೆ ಪೀಡೆ ತರುವ ಮಾತು ಪ್ರಶಸ್ತವಲ್ಲ. ಸತ್ಯವ್ರತವು ಅಹಿಂಸೆಯ ರಕ್ಷಣೆಗಾಗಿಯೇ ಇದೆ.

ಗೌತಮರಿಗೆ ಕೊನೆಗೆ ಉಳಿದದ್ದು ಗುರುವಿನ ಮೇಲಿನ ಅನುರಾಗವೊಂದೇ. ಕಾರ್ತಿಕ ಕೃಷ್ಣ ಅಮಾವಾಸ್ಯೆಯಂದು ಪಾವಾಪುರಿಯಲ್ಲಿ ಭಗವಾನರು ನಿರ್ವಾಣ ಹೊಂದಿದಾಗ ಆ ಬಂಧವೂ ಕಳಚಿ ಅವರಿಗೆ ಕೇವಲಜ್ಞಾನ ಉದಿಸಿತು. ದೀಪಾವಳಿಯಂದು ಜೈನರು ವೀರನಿರ್ವಾಣದೊಡನೆ ಗೌತಮ ಗಣಧರರನ್ನೂ ಪೂಜಿಸುವುದು ಇದಕ್ಕಾಗಿ. ಅನಂತರ 12 ವರ್ಷ ಕೇವಲಿಗಳಾಗಿದ್ದು ಅವರೂ ಮುಕ್ತರಾದರು.

ಪರ್ಯುಷಣದ ಕೊನೆಯಲ್ಲಿ ಪರಸ್ಪರ ಕ್ಷಮೆ ಯಾಚಿಸುವ ಶ್ರಾವಕ ಶ್ರಾವಿಕೆಯರಿಗೆ ಗೌತಮರ ಆ ಮರಳಿದ ಹೆಜ್ಜೆಗಳೇ ಆದರ್ಶ. ಆಡುವ ಮುನ್ನ ಮಾತು ನಿಜವೇ ಎಂದು ಪರೀಕ್ಷಿಸುವುದು ಒಂದು ಹಂತ. ಅದು ಹಿತವೇ, ಅದರ ಹಿಂದೆ ಕೋಪವಿದೆಯೇ ಎಂದು ಅಂತರಂಗವನ್ನು ಪರೀಕ್ಷಿಸುವುದು ಮುಂದಿನ ಹಂತ. ಇಷ್ಟಾದ ಮೇಲೂ ಮಾತು ಎಡವಿದರೆ, ಕೇಳಿದವರ ಬಾಗಿಲಿಗೆ ತಡಮಾಡದೆ ಮರಳಿ ನಡೆಯುವುದೇ ಧರ್ಮ.