ಗಂಡನ ಮನೆ ಇಲ್ಲವೇ ಜೈಲು: ಕೋರ್ಟ್ ಆದೇಶಕ್ಕೂ ಬಗ್ಗದ ಡಾ. ರುಖ್ಮಾಬಾಯಿ

ಹೆಂಡತಿ ತವರು ಸೇರಿದ್ದಾಳೆ, ವಾಪಸ್ ಬರ್ತಿಲ್ಲ. ಗಂಡ ವಕೀಲರನ್ನ ಹಿಡಿದು ಸೆಕ್ಷನ್ 9ರಡಿ ಕೇಸು ಹಾಕಿಸ್ತಾನೆ. ನೋಟಿಸ್ ಬಂದ ದಿನ ತವರು ಮನೆಯಲ್ಲಿ ಯಾರಿಗೂ ಊಟ ಸೇರಲ್ಲ. ಪೊಲೀಸರು ಬಂದು ಮಗಳನ್ನ ಎಳ್ಕೊಂಡು ಹೋಗ್ತಾರಾ? ಹೋಗಲ್ಲ ಅಂದ್ರೆ ಜೈಲಿಗೆ ಹಾಕ್ತಾರಾ? ತಾಲೂಕು ಕೋರ್ಟ್ ಎದುರಿನ ಟೀ ಅಂಗಡಿ, ಜೆರಾಕ್ಸ್ ಅಂಗಡಿಗಳಲ್ಲಿ ಈ ಪ್ರಶ್ನೆ ಆಗಾಗ ಕಿವಿಗೆ ಬೀಳುತ್ತೆ.

ಉತ್ತರ ಸರಳ. ಎಳ್ಕೊಂಡು ಹೋಗಲ್ಲ, ಜೈಲಿಗೂ ಹಾಕಲ್ಲ. ಆದರೆ ಒಂದು ಕಾಲದಲ್ಲಿ ಜೈಲು ಇತ್ತು. ಗಂಡನ ಮನೆಗೆ ಹೋಗು, ಇಲ್ಲಾಂದ್ರೆ ಆರು ತಿಂಗಳು ಜೈಲಿಗೆ ಹೋಗು ಅಂತ ಬಾಂಬೆ ಹೈಕೋರ್ಟ್ 22 ವರ್ಷದ ಹೆಣ್ಣುಮಗಳೊಬ್ಬಳಿಗೆ ಆದೇಶ ಕೊಟ್ಟಿತ್ತು. ಜೈಲೇ ವಾಸಿ ಅಂದ ಆ ಹೆಣ್ಣುಮಗಳೇ ಮುಂದೆ ಡಾ. ರುಖ್ಮಾಬಾಯಿ ಎಂದು ಹೆಸರಾದರು.

ಹನ್ನೊಂದಕ್ಕೆ ಮದುವೆ

ರುಖ್ಮಾಬಾಯಿ ಹುಟ್ಟಿದ್ದು 1864ರ ನವೆಂಬರ್ 22ರಂದು, ಮುಂಬೈನಲ್ಲಿ. ಬಡಗಿ ಕೆಲಸದ ಸುತಾರ್ ಸಮುದಾಯ. ತಂದೆ ಜನಾರ್ದನ ಪಾಂಡುರಂಗ ತೀರಿಕೊಂಡಾಗ ಮಗು ಇನ್ನೂ ಚಿಕ್ಕದು, ತಾಯಿ ಜಯಂತಿಬಾಯಿಗೆ 17 ವರ್ಷ. ಆ ಸಮುದಾಯದಲ್ಲಿ ವಿಧವೆಯರು ಮತ್ತೆ ಮದುವೆಯಾಗುವುದಕ್ಕೆ ಅಡ್ಡಿ ಇರಲಿಲ್ಲ. ಕರ್ನಾಟಕದ ಹಲವು ಸಮುದಾಯಗಳಲ್ಲಿ ಕೂಡಿಕೆ, ಉಡಿಕೆ ಅನ್ನುವ ಪದ್ಧತಿ ಇತ್ತಲ್ಲ, ಹಾಗೇ. ಕೆಲ ವರ್ಷಗಳ ನಂತರ ಜಯಂತಿಬಾಯಿ ಡಾ. ಸಖಾರಾಂ ಅರ್ಜುನ್ ಅವರನ್ನು ಮದುವೆಯಾದರು. ಮೊದಲ ಗಂಡನ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿದರು.

ಸಖಾರಾಂ ಅರ್ಜುನ್ ಮುಂಬೈನ ಹೆಸರಾಂತ ವೈದ್ಯರು, ಗಿಡಮೂಲಿಕೆಗಳ ಬಗ್ಗೆಯೂ ಆಳವಾಗಿ ತಿಳಿದವರು. ಇಷ್ಟೆಲ್ಲಾ ಓದಿದವರ ಮನೆಯಾದರೂ ರುಖ್ಮಾಬಾಯಿಗೆ 11ನೇ ವಯಸ್ಸಿಗೇ ಮದುವೆ ಆಗೋಯ್ತು. ಗಂಡು ಸಖಾರಾಂ ಅವರ ಸಂಬಂಧಿಕ ದಾದಾಜಿ ಭಿಕಾಜಿ. ಆತನಿಗೆ 19 ವರ್ಷ. ಆತ ಮನೆ ಅಳಿಯನಾಗಿ ಇರಬೇಕು, ಓದಬೇಕು, ಒಳ್ಳೆಯ ಸ್ಥಿತಿಗೆ ಬರಬೇಕು ಎಂದು ಹಿರಿಯರ ನಡುವೆ ಮಾತಾಗಿತ್ತು.

ದಾದಾಜಿಗೆ ಓದು ಹತ್ತಲಿಲ್ಲ. ಈ ಮನೆ ಬಿಟ್ಟು ತನ್ನ ಸೋದರಮಾವನ ಮನೆ ಸೇರಿಕೊಂಡ. ಇತ್ತ ಹುಡುಗಿ ಮೈನೆರೆದ ಮೇಲೂ ಸಖಾರಾಂ ಪ್ರಸ್ತಕ್ಕೆ ಒಪ್ಪಲಿಲ್ಲ. ಎಳೆ ವಯಸ್ಸಿನ ಬಸುರಿ, ಬಾಣಂತನ ಎಷ್ಟು ಅಪಾಯ ಅಂತ ಡಾಕ್ಟರ್ ಆದ ಅವರಿಗೆ ಗೊತ್ತಿತ್ತು. ಹೀಗಾಗಿ ರುಖ್ಮಾಬಾಯಿ ತಾಯಿ ಮನೆಯಲ್ಲೇ ಉಳಿದರು. ಶಾಲೆ ಬಿಡಿಸಿದ್ದರೂ ಮಿಷನ್ ಲೈಬ್ರರಿಯಿಂದ ಪುಸ್ತಕ ತರಿಸಿಕೊಂಡು ಮನೆಯಲ್ಲೇ ಓದಿದರು, ಇಂಗ್ಲಿಷ್ ಕಲಿತರು. ಗಂಡನೆಂಬ ವ್ಯಕ್ತಿಯ ಜೊತೆ ಒಂದು ದಿನವೂ ಸಂಸಾರ ಮಾಡಲಿಲ್ಲ.

ಕೋರ್ಟಿಗೆ ಹೋದ ಗಂಡ

ಎಂಟು ವರ್ಷ ಕಳೆದವು. 1884ರಲ್ಲಿ ದಾದಾಜಿ ಹೆಂಡತಿಯನ್ನು ಕಳಿಸಿಕೊಡಿ ಅಂತ ವಕೀಲರಿಂದ ನೋಟಿಸ್ ಕೊಡಿಸಿದ. ರುಖ್ಮಾಬಾಯಿ ಹೋಗಲ್ಲ ಅಂದರು. ಆತನ ಆರೋಗ್ಯ ಸರಿ ಇಲ್ಲ, ಸಂಪಾದನೆ ಇಲ್ಲ, ಆತ ಇರುವ ಮನೆಯ ವಾತಾವರಣ ಸರಿ ಇಲ್ಲ ಅನ್ನೋದು ಅವರ ವಾದ. ಅದಕ್ಕಿಂತ ಮುಖ್ಯವಾಗಿ, ಬುದ್ಧಿ ತಿಳಿಯದ ವಯಸ್ಸಿನಲ್ಲಿ ತನ್ನನ್ನ ಕೇಳದೇ ಮಾಡಿದ ಮದುವೆಗೆ ತಾನು ಬದ್ಧಳಲ್ಲ ಅಂದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಆಕೆಯ ಹೆಸರಲ್ಲಿರುವ ಆಸ್ತಿ ಮೇಲೆ ಕಣ್ಣಿಟ್ಟೇ ಆತ ಕೇಸು ಹಾಕಿದ್ದಾನೆ ಅಂತ ಹೆಣ್ಣಿನ ಕಡೆಯವರು ದೂರಿದರು. ಆಸ್ತಿ ಕೈ ತಪ್ಪುತ್ತೆ ಅಂತ ತಾಯಿ ಕಡೆಯವರೇ ಮಗಳನ್ನ ತಡೆದಿದ್ದಾರೆ ಅನ್ನೋದು ಗಂಡಿನ ಕಡೆಯವರ ದೂರು.

ದಾದಾಜಿ ಹಾಕಿದ ಕೇಸು ದಾಂಪತ್ಯ ಹಕ್ಕುಗಳ ಮರುಸ್ಥಾಪನೆಯದ್ದು. ಇದು ಹಿಂದೂ ಧರ್ಮಶಾಸ್ತ್ರದಿಂದ ಬಂದಿದ್ದಲ್ಲ. ಇಂಗ್ಲೆಂಡಿನ ಚರ್ಚ್ ಕೋರ್ಟುಗಳಲ್ಲಿ ಇದ್ದ ಪದ್ಧತಿಯನ್ನು ಬ್ರಿಟಿಷರು ಇಲ್ಲಿಗೆ ತಂದಿದ್ದರು. ವಿಚಿತ್ರ ಏನಂದ್ರೆ, ದಾದಾಜಿ ಕೇಸು ಹಾಕಿದ ಅದೇ 1884ರಲ್ಲಿ ಇಂಗ್ಲೆಂಡ್ ತನ್ನಲ್ಲಿ ಇಂಥ ಆದೇಶ ಪಾಲಿಸದವರಿಗಿದ್ದ ಜೈಲು ಶಿಕ್ಷೆಯನ್ನು ತೆಗೆದುಹಾಕಿತು. ಇಲ್ಲಿ ಮಾತ್ರ ಹಾಗೇ ಉಳಿಯಿತು.

1885ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಪಿನ್ಹೇ ತೀರ್ಪು ಕೊಟ್ಟರು. ಒಟ್ಟಿಗೆ ಬಾಳಿದ ಗಂಡ ಹೆಂಡಿರು ದೂರವಾದರೆ ಮತ್ತೆ ಸೇರಿಸಲು ಇರುವ ಕಾನೂನು ಇದು, ಒಂದು ದಿನವೂ ಒಟ್ಟಿಗೆ ಬಾಳದವರಿಗೆ ಮರುಸ್ಥಾಪನೆ ಎಲ್ಲಿಂದ ಬಂತು ಎಂಬುದು ಅವರ ತರ್ಕ. ಇಷ್ಟವಿಲ್ಲದ ಹೆಣ್ಣನ್ನು ಬಲವಂತವಾಗಿ ಕಳಿಸಲು ಒಪ್ಪದೆ ಕೇಸು ವಜಾ ಮಾಡಿದರು.

ಊರಿಗೆ ಊರೇ ಎರಡು ಪಾಲು

ತೀರ್ಪು ಬಂದದ್ದೇ ಗಲಾಟೆ ಎದ್ದಿತು. ಬಾಲಗಂಗಾಧರ ತಿಲಕರಂಥ ದೊಡ್ಡವರೇ ರುಖ್ಮಾಬಾಯಿ ವಿರುದ್ಧ ನಿಂತರು. ಇಂಗ್ಲಿಷ್ ಓದಿದ ಹೆಣ್ಣುಮಕ್ಕಳು ಸಂಸಾರ ಕೆಡಿಸ್ತಾರೆ, ಧರ್ಮಕ್ಕೆ ಕುತ್ತು ಬರುತ್ತೆ ಎಂಬ ಕೂಗು ಜೋರಾಯಿತು. ಬಾಲ್ಯವಿವಾಹದ ವಿರುದ್ಧ ಬರೆಯುತ್ತಿದ್ದ ಬೆಹ್ರಾಮ್‌ಜಿ ಮಲಬಾರಿ, ಪಂಡಿತಾ ರಮಾಬಾಯಿ ಮೊದಲಾದವರು ರುಖ್ಮಾಬಾಯಿ ಪರ ನಿಂತರು. ಕೇಸಿನ ಖರ್ಚಿಗೆ ಹಣ ಕೂಡಿಸಲು ಸಮಿತಿಯೂ ಆಯಿತು.

1885ರಲ್ಲೇ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ಬಾಲ್ಯವಿವಾಹ ಮತ್ತು ವಿಧವೆಯರ ಪಾಡಿನ ಬಗ್ಗೆ ಪತ್ರಗಳು ಬಂದಿದ್ದವು. ಬರೆದವರ ಹೆಸರು ಇರಲಿಲ್ಲ, ಒಬ್ಬ ಹಿಂದೂ ಮಹಿಳೆ ಅಂತಷ್ಟೇ ಇತ್ತು. ಬರೆದವರು ರುಖ್ಮಾಬಾಯಿಯೇ ಎಂದು ಆಮೇಲೆ ಎಲ್ಲರಿಗೂ ಗೊತ್ತಾಯಿತು.

ದಾದಾಜಿ ಮೇಲ್ಮನವಿ ಹಾಕಿದ. 1886ರಲ್ಲಿ ಮುಖ್ಯ ನ್ಯಾಯಮೂರ್ತಿ ಸಾರ್ಜೆಂಟ್ ಮತ್ತು ನ್ಯಾಯಮೂರ್ತಿ ಬೇಲಿ ಪಿನ್ಹೇ ತೀರ್ಪನ್ನು ಒಪ್ಪದೆ ಕೇಸನ್ನು ಮತ್ತೆ ವಿಚಾರಣೆಗೆ ಕಳಿಸಿದರು. 1887ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಫ್ಯಾರನ್ ಆದೇಶ ಬಂತು. ಒಂದು ತಿಂಗಳೊಳಗೆ ಗಂಡನ ಮನೆ ಸೇರಬೇಕು, ತಪ್ಪಿದರೆ ಆರು ತಿಂಗಳು ಜೈಲು. ರುಖ್ಮಾಬಾಯಿ ಜೈಲಿಗೇ ಹೋಗ್ತೀನಿ ಅಂದರು.

ಮುಂದೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಹಿಂದೂ ಹೆಣ್ಣಿಗೆ ಆಗ ವಿಚ್ಛೇದನ ಕೊಡುವ ಕಾನೂನೇ ಇರಲಿಲ್ಲ. ಗಂಡು ಇನ್ನೊಂದು, ಮತ್ತೊಂದು ಮದುವೆ ಆಗಬಹುದಿತ್ತು. ಹೆಣ್ಣು ಮಾತ್ರ ಆ ಒಂದೇ ಮದುವೆಗೆ ಕಟ್ಟುಬಿದ್ದು ಇರಬೇಕಿತ್ತು. ಕಡೆಗೆ 1888ರ ಜುಲೈನಲ್ಲಿ ರಾಜಿ ಆಯಿತು. ಕೇಸಿನ ಖರ್ಚು ಅಂತ 2,000 ರೂಪಾಯಿ ಪಡೆದು ದಾದಾಜಿ ಆದೇಶ ಜಾರಿ ಮಾಡಿಸುವುದನ್ನು ಕೈಬಿಟ್ಟ. ನಾಲ್ಕು ವರ್ಷದ ಕೋರ್ಟ್ ಅಲೆದಾಟ ಮುಗಿಯಿತು. ಮದುವೆಯನ್ನು ಯಾವ ಕೋರ್ಟೂ ರದ್ದು ಮಾಡಲಿಲ್ಲ, ಆದರೆ ರುಖ್ಮಾಬಾಯಿ ಗಂಡನ ಮನೆಗೂ ಹೋಗಲಿಲ್ಲ, ಜೈಲಿಗೂ ಹೋಗಲಿಲ್ಲ.

ಡಾಕ್ಟರ್ ಆಗಿ ವಾಪಸ್

ಮುಂಬೈನ ಕಾಮಾ ಆಸ್ಪತ್ರೆಯಲ್ಲಿದ್ದ ಡಾ. ಎಡಿತ್ ಪೀಚಿ ಈ ಹೆಣ್ಣುಮಗಳಿಗೆ ಬೆನ್ನೆಲುಬಾದರು. 1889ರಲ್ಲಿ ರುಖ್ಮಾಬಾಯಿ ಹಡಗು ಹತ್ತಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ ಸೇರಿದರು. 1894ರಲ್ಲಿ ಡಾಕ್ಟರ್ ಆದರು. ಮರಳಿ ಬಂದು ಸೂರತ್‌ನ ಹೆಣ್ಣುಮಕ್ಕಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. ದೇಶದಲ್ಲಿ ಆಸ್ಪತ್ರೆ ನಡೆಸಿದ ಮೊದಲ ಕೆಲವೇ ಮಹಿಳಾ ವೈದ್ಯರಲ್ಲಿ ಅವರೂ ಒಬ್ಬರು.

ಸೂರತ್‌ನ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಬರಲು ಹೆದರುತ್ತಿದ್ದರು, ಅಪಶಕುನ ಅಂತಿದ್ದರು. ಆಗ ರುಖ್ಮಾಬಾಯಿ ಗಬ್ಬದ ಆಡೊಂದನ್ನು ಆಸ್ಪತ್ರೆಗೆ ತಂದು, ಅದು ಸುಸೂತ್ರವಾಗಿ ಮರಿ ಹಾಕಿದ್ದನ್ನು ಹೆಂಗಸರಿಗೆ ತೋರಿಸಿ ಧೈರ್ಯ ತುಂಬಿದರು ಎಂಬ ಕತೆ ಪ್ರಚಲಿತದಲ್ಲಿದೆ. ಸೂರತ್ ನಂತರ ರಾಜಕೋಟ್‌ನ ಮಹಿಳಾ ಆಸ್ಪತ್ರೆ. ಒಟ್ಟು 30 ವರ್ಷಕ್ಕೂ ಹೆಚ್ಚು ಕಾಲ ಹೆಣ್ಣುಮಕ್ಕಳ ಬಾಣಂತನ, ಕಾಯಿಲೆ ನೋಡುತ್ತಲೇ ಕಳೆದರು. ಮತ್ತೆ ಮದುವೆ ಆಗಲಿಲ್ಲ. 1904ರಲ್ಲಿ ದಾದಾಜಿ ತೀರಿಕೊಂಡ ಸುದ್ದಿ ಬಂದಾಗ ರುಖ್ಮಾಬಾಯಿ ವಿಧವೆಯರ ಹಾಗೆ ಬಿಳಿ ಸೀರೆ ಉಟ್ಟರು.

ಅವರ ಕೇಸು ಎಬ್ಬಿಸಿದ ಚರ್ಚೆ ಕಾನೂನಿನವರೆಗೆ ಹೋಯಿತು. 1891ರಲ್ಲಿ ಬಂದ ಸಮ್ಮತಿ ವಯಸ್ಸಿನ ಕಾಯ್ದೆ, ದೈಹಿಕ ಸಂಪರ್ಕಕ್ಕೆ ಹೆಣ್ಣಿನ ಕನಿಷ್ಠ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1894ರಲ್ಲಿ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಇಲ್ಲಿ ನಿಷೇಧಿಸಲಾಯಿತು. ಹೆಂಡತಿಯನ್ನು ಜೈಲಿಗೆ ಕಳಿಸುವ ನಿಯಮ ಹೋಗಿದ್ದು ಮಾತ್ರ ತಡವಾಗಿ, 1923ರಲ್ಲಿ.

ಈಗ ಏನಿದೆ?

1955ರ ಮೇ 18ರಂದು ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂತು. ಹಿಂದೂ ಹೆಣ್ಣು ವಿಚ್ಛೇದನ ಕೇಳಬಹುದು ಎಂದು ಈ ಕಾನೂನು ಹೇಳಿತು. ಗಂಡಿಗೂ ಒಂದೇ ಮದುವೆ ಎಂದಾಯಿತು. ಅದೇ ವರ್ಷ ಸೆಪ್ಟೆಂಬರ್ 25ರಂದು 90 ವರ್ಷದ ರುಖ್ಮಾಬಾಯಿ ತೀರಿಕೊಂಡರು.

ದಾದಾಜಿ ಹಾಕಿದ್ದ ಕೇಸು ಈ ಕಾಯ್ದೆಯ ಸೆಕ್ಷನ್ 9 ಆಗಿ ಉಳಿದುಕೊಂಡಿದೆ. ಗಂಡನೂ ಹಾಕಬಹುದು, ಹೆಂಡತಿಯೂ ಹಾಕಬಹುದು. ಇಂಗ್ಲೆಂಡ್ 1970ರಲ್ಲಿ ಇದನ್ನು ಪೂರ್ತಿ ಕೈಬಿಟ್ಟಿತು. ಇಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಹಾಗಾಗಿ ನೋಟಿಸ್ ಬಂದವರು ಕೆಲವು ವಿಷಯ ತಿಳಿದಿರಬೇಕು.

ಸರಿಯಾದ ಕಾರಣ ಇಲ್ಲದೆ ಬಿಟ್ಟು ಹೋಗಿದ್ದರೆ ಮಾತ್ರ ಈ ಆದೇಶ ಸಿಗುತ್ತೆ. ಹೊಡೆತ, ವರದಕ್ಷಿಣೆ ಕಿರುಕುಳ ಇದ್ದರೆ ಅದು ಸರಿಯಾದ ಕಾರಣವೇ. ಆದರೆ ಅದನ್ನು ಕೋರ್ಟ್ ಮುಂದೆ ಹೇಳಬೇಕು. ನೋಟಿಸ್ ತಗೊಳ್ಳದೆ, ಹಾಜರಾಗದೆ ಕೂತರೆ ಒಂದೇ ಕಡೆಯ ಮಾತು ಕೇಳಿ ಆದೇಶ ಆಗಿಬಿಡುತ್ತೆ.

ಆದೇಶ ಆದರೂ ಯಾರನ್ನೂ ಕೈ ಹಿಡಿದು ಎಳೆದು ತರುವ ಹಾಗಿಲ್ಲ. ಪಾಲಿಸದಿದ್ದರೆ ಆಸ್ತಿ ಜಪ್ತಿಗೆ ಕೇಳಬಹುದು. ಆದೇಶದ ನಂತರ ಒಂದು ವರ್ಷ ಇಬ್ಬರೂ ಒಟ್ಟಿಗೆ ಬಾಳದಿದ್ದರೆ, ಅದೇ ಕಾರಣ ಇಟ್ಟುಕೊಂಡು ಇಬ್ಬರಲ್ಲಿ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು. ಎಷ್ಟೋ ಸಲ ಸೆಕ್ಷನ್ 9 ಹಾಕೋದು ಸಂಸಾರ ಕೂಡಿಸಲಿಕ್ಕಲ್ಲ, ಜೀವನಾಂಶ ತಪ್ಪಿಸಲಿಕ್ಕೆ. ಆದೇಶ ಪಾಲಿಸದಿದ್ದರೂ, ಹೋಗದಿರಲು ಸರಿಯಾದ ಕಾರಣ ಇದ್ದರೆ ಹೆಂಡತಿಗೆ ಜೀವನಾಂಶ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ.

ಮಕ್ಕಳ ವಿಷಯ ಬೇರೆ. ತವರಿಗೆ ಹೋದ ಮಾತ್ರಕ್ಕೆ ತಾಯಿ ಮಗುವನ್ನು ಕಳೆದುಕೊಳ್ಳುವುದಿಲ್ಲ. ಹಿಂದೂ ಕಾನೂನಿನಲ್ಲಿ 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಬಳಿಯೇ ಇರಬೇಕು. ದೊಡ್ಡ ಮಕ್ಕಳ ವಿಷಯದಲ್ಲೂ ಕೋರ್ಟ್ ಮೊದಲು ನೋಡೋದು ಮಗುವಿನ ಹಿತವನ್ನೇ.

ರುಖ್ಮಾಬಾಯಿಗೆ ಆಸ್ತಿ ಇತ್ತು, ಓದು ಇತ್ತು, ಜೊತೆಗೆ ನಿಂತ ತಾಯಿ ಮತ್ತು ಮಲತಂದೆ ಇದ್ದರು. ಅಷ್ಟಿದ್ದೂ ನಾಲ್ಕು ವರ್ಷ ಹಿಡಿಯಿತು. ಇದ್ಯಾವುದೂ ಇಲ್ಲದವರಿಗೆ ಈಗ ಒಂದು ದಾರಿ ಇದೆ. ಆದಾಯ ಎಷ್ಟೇ ಇರಲಿ, ಯಾವುದೇ ಮಹಿಳೆಗೆ ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕಿದೆ. ಅದಕ್ಕೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬೇಕು. ಸಮಿತಿ ಇರುವುದು ಕೋರ್ಟ್ ಆವರಣದಲ್ಲೇ. ಸಹಾಯವಾಣಿ ಸಂಖ್ಯೆ 15100.