ವೇದನೆಯ ಮೂಲವನ್ನರಸಿದ ವೈದ್ಯ: ಸರ್ ಹೆನ್ರಿ ಹೆಡ್

ವೇದನೆಯನ್ನರಿಯದ ಜೀವಿಯು ಲೋಕದಲ್ಲಿಲ್ಲ. ಆದರೆ ಒಬ್ಬನ ವೇದನೆಯನ್ನು ಮತ್ತೊಬ್ಬನು ಕಣ್ಣಾರೆ ಕಾಣಲಾರನು, ಕೈಯಾರೆ ಅಳೆಯಲಾರನು. ಅದನ್ನು ಬಲ್ಲವನು ಅನುಭವಿಸಿದವನೊಬ್ಬನೇ. ಅವನಿಗಾದರೂ ಅದನ್ನು ಮಾತಿನಲ್ಲಿ ತಿಳಿಸುವುದು ದುಸ್ಸಾಧ್ಯ. ವೈದ್ಯರನ್ನು ಚಿರಕಾಲದಿಂದ ಕಾಡಿದ ಈ ತೊಡಕನ್ನು ಬಿಡಿಸುವುದಕ್ಕಾಗಿ ತಮ್ಮ ಶರೀರವನ್ನೇ ಒಪ್ಪಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಸರ್ ಹೆನ್ರಿ ಹೆಡ್ ಅವರು 1861ನೆಯ ಇಸವಿ ಆಗಸ್ಟ್ 4ರಂದು ಲಂಡನ್ನಿನಲ್ಲಿ ಕ್ವೇಕರ್ ಪಂಥದ ಮನೆತನವೊಂದರಲ್ಲಿ ಜನಿಸಿದರು. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಪ್ರಾಗ್ ನಗರಕ್ಕೆ ತೆರಳಿ, ಎವಾಲ್ಡ್ ಹೇರಿಂಗ್ ಎಂಬ ಶರೀರಶಾಸ್ತ್ರಜ್ಞರ ಬಳಿಯಲ್ಲಿ ಶ್ವಾಸಕ್ರಿಯೆಯ ವಿಷಯವಾಗಿ ಸಂಶೋಧನೆ ನಡೆಸಿದರು. ತರುವಾಯ ಲಂಡನ್ನಿನ ಆಸ್ಪತ್ರೆಗಳಲ್ಲಿ ವೈದ್ಯವೃತ್ತಿಯನ್ನು ಕೈಕೊಂಡರು.

ಹೃದಯವು ರೋಗಗ್ರಸ್ತವಾದರೆ ಎಡದೋಳು ನೋಯುವುದುಂಟು. ಒಳಗಿನ ಅವಯವದ ಬಾಧೆಯು ಹೊರಚರ್ಮದಲ್ಲಿ ಇಂತಿಂತಹ ಎಡೆಯಲ್ಲಿಯೇ ಕಾಣಿಸಿಕೊಳ್ಳುವುದನ್ನು ಇವರು ನೂರಾರು ರೋಗಿಗಳಲ್ಲಿ ಪರಿಶೀಲಿಸಿ, 1893ರಿಂದ 1896ರವರೆಗೆ ಲೇಖನಗಳನ್ನು ಪ್ರಕಟಿಸಿದರು. ಆ ಎಡೆಗಳು ಇಂದಿಗೂ ಹೆಡ್ ಅವರ ವಲಯಗಳೆಂದೇ ಪ್ರಸಿದ್ಧವಾಗಿವೆ. 1900ರಲ್ಲಿ ಕ್ಯಾಂಪ್ಬೆಲ್ ಎಂಬವರೊಡಗೂಡಿ ಸರ್ಪಸುತ್ತಿನ ಮೂಲವನ್ನು ಪರೀಕ್ಷಿಸಿ, ಬೆನ್ನುಹುರಿಯ ಪಕ್ಕದ ನರಗ್ರಂಥಿಯು ಕೆಟ್ಟಾಗ ಅದಕ್ಕೆ ಸೇರಿದ ಚರ್ಮದ ಪಟ್ಟಿಯಲ್ಲಿಯೇ ಬೊಕ್ಕೆಗಳೇಳುವುವೆಂದು ತೋರಿಸಿದರು. ಯಾವ ನರಮೂಲಕ್ಕೆ ದೇಹದ ಯಾವ ಭಾಗವು ಅಧೀನವೆಂಬುದಕ್ಕೆ ಹೀಗೆ ಒಂದು ಭೂಪಟವೇ ದೊರೆಯಿತು.

ಆದರೂ ಇವರ ಮನಸ್ಸಿಗೆ ತೃಪ್ತಿಯಾಗಲಿಲ್ಲ. ನರವು ತುಂಡಾದವನ ಸ್ಪರ್ಶಜ್ಞಾನವು ಯಾವ ಕ್ರಮದಲ್ಲಿ ಅಳಿದು ಯಾವ ಕ್ರಮದಲ್ಲಿ ಮರಳುವುದೆಂದು ತಿಳಿಯಬೇಕಾಗಿತ್ತು. ಬಳಲಿದ ರೋಗಿಯನ್ನು ಗಂಟೆಗಟ್ಟಲೆ ಪ್ರಶ್ನಿಸುವುದು ನ್ಯಾಯವಲ್ಲ; ಅವನ ಉತ್ತರವೂ ಸೂಕ್ಷ್ಮವಾಗಿರಲಾರದು. ಆದುದರಿಂದ 1903ನೆಯ ಏಪ್ರಿಲ್ 25ರಂದು, ಸಂವೇದನೆಯು ಪೂರ್ಣವಾಗಿ ಮರಳುವುದೆಂಬ ನಿಶ್ಚಯವಿಲ್ಲದೆಯೂ, ಹೆಡ್ ಮಹಾಶಯರು ತಮ್ಮ ಎಡಗೈಯನ್ನು ಶಸ್ತ್ರಕ್ಕೊಡ್ಡಿದರು. ಜೇಮ್ಸ್ ಶೆರೆನ್ ಎಂಬ ಶಸ್ತ್ರವೈದ್ಯರು ಮೊಣಕೈಯ ಬಳಿ ಚರ್ಮಕ್ಕೆ ಹೋಗುವ ಎರಡು ನರಗಳನ್ನು ಕತ್ತರಿಸಿ, ತುದಿಗಳನ್ನು ರೇಷ್ಮೆಯ ದಾರದಿಂದ ಹೊಲಿದರು.

ಆಗ ಹೆಡ್ ಅವರ ವಯಸ್ಸು ನಲವತ್ತೊಂದು. ಅಲ್ಲಿಂದ ನಾಲ್ಕು ವರ್ಷಗಳ ಕಾಲ, ಬಿಡುವಿನ ದಿನಗಳಲ್ಲಿ ಕೇಂಬ್ರಿಜ್ಜಿಗೆ ಹೋಗಿ, ಕಣ್ಣುಮುಚ್ಚಿ ಕೈಚಾಚಿ ಕುಳಿತಿರುತ್ತಿದ್ದರು. ನೀಲಗಿರಿಯ ತೋಡವರ ವಿಷಯವಾಗಿ ಗ್ರಂಥ ರಚಿಸಿದ ರಿವರ್ಸ್ ಪಂಡಿತರೇ ಇಲ್ಲಿ ಪರೀಕ್ಷಕರು. ಅವರು ಹತ್ತಿಯಿಂದ ಸೋಕಿಸಿ, ಸೂಜಿಯಿಂದ ಚುಚ್ಚಿ, ಶೀತೋಷ್ಣಗಳನ್ನು ತಾಗಿಸಿ, ಬಂದ ಉತ್ತರಗಳನ್ನು ಬರೆದುಕೊಳ್ಳುತ್ತಿದ್ದರು. ಮೊದಲು ಮರಳಿದುದು ಒರಟಾದ ನೋವು: ಎಲ್ಲಿ ಚುಚ್ಚಿತೆಂದು ಹೇಳಲಾಗದೆ, ಅದು ಸುತ್ತಲೂ ಹರಡಿ ಅಸಹನೀಯವಾಗುತ್ತಿತ್ತು. ಹತ್ತಿಯ ಮೃದುಸ್ಪರ್ಶವನ್ನೂ ಅದರ ಸ್ಥಾನವನ್ನೂ ತಿಳಿಸುವ ಸೂಕ್ಷ್ಮಜ್ಞಾನವು ಬಹುಕಾಲದ ಮೇಲೆ ಬಂದಿತು. ಸ್ಥೂಲ, ಸೂಕ್ಷ್ಮವೆಂದು ಸಂವೇದನೆಗೆ ಎರಡು ಮಾರ್ಗಗಳುಂಟೆಂದೂ ಸೂಕ್ಷ್ಮವು ಸ್ಥೂಲವನ್ನು ಅಂಕೆಯಲ್ಲಿಡುವುದೆಂದೂ ಇಬ್ಬರೂ 1908ರಲ್ಲಿ ಪ್ರತಿಪಾದಿಸಿದರು.

ಈ ಸಿದ್ಧಾಂತವು ನಿರ್ವಿವಾದವಾಗಿ ಉಳಿಯಲಿಲ್ಲ. ಮರುವರ್ಷವೇ ಟ್ರಾಟರ್ ಮತ್ತು ಡೇವೀಸ್ ಎಂಬ ಶಸ್ತ್ರವೈದ್ಯರು ತಮ್ಮ ನರಗಳನ್ನೂ ಕತ್ತರಿಸಿಕೊಂಡು ನೋಡಿ, ಅಂತಹ ಎರಡು ಹಂತಗಳು ತಮಗೆ ಕಾಣಲಿಲ್ಲವೆಂದು ಸಾರಿದರು. ಸಿದ್ಧಾಂತವು ಆ ರೂಪದಲ್ಲಿ ಇಂದು ಮಾನ್ಯವಲ್ಲ. ಆದರೂ ಪ್ರಶ್ನೆಯು ಫಲಿಸಿತು. ಚುರುಕು ನೋವನ್ನೂ ಮಂದವಾಗಿ ಉರಿಯುವ ನೋವನ್ನೂ ಬೇರೆಬೇರೆ ತಂತುಗಳು ಒಯ್ಯುವುವೆಂದು ಅನಂತರದ ಶಾಸ್ತ್ರಜ್ಞರು ಕಂಡುಕೊಂಡರು. 1911ರಲ್ಲಿ ಗಾರ್ಡನ್ ಹೋಮ್ಸ್ ಅವರೊಡನೆ ಹೆಡ್ ಮಹಾಶಯರು, ಮೆದುಳಿನೊಳಗಣ ಥಾಲಮಸ್ ಎಂಬ ಭಾಗವು ಕೆಟ್ಟರೆ ಅಲ್ಪ ಸ್ಪರ್ಶವೂ ದುಸ್ಸಹ ಯಾತನೆಯಾಗುವ ಬಗೆಯನ್ನು ವಿವರಿಸಿದರು.

ಮೊದಲನೆಯ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗಲಿ ಮಾತು ಕೆಟ್ಟ ಸೈನಿಕರನ್ನು ಇವರು ತಾಳ್ಮೆಯಿಂದ ಪರೀಕ್ಷಿಸಿದರು. ಅಷ್ಟರಲ್ಲಿ ವಿಧಿಯು ವಿಪರೀತವಾಯಿತು. ನರರೋಗಗಳನ್ನರಿತ ಈ ವೈದ್ಯರನ್ನೇ ಕಂಪವಾತವು ಹಿಡಿಯಿತು. ಅದಕ್ಕೆ ಅಂದು ತಕ್ಕ ಮದ್ದಿರಲಿಲ್ಲ. ಆದರೂ ಎದೆಗುಂದದೆ, ವಾಗ್ದೋಷಗಳ ಮೇಲಣ ತಮ್ಮ ಎರಡು ಸಂಪುಟಗಳ ಗ್ರಂಥವನ್ನು 1926ರಲ್ಲಿ ಹೊರತಂದರು. ಮರುವರ್ಷ ಸರ್ ಪದವಿಯು ಬಂದಿತು. ದಿನೇದಿನೇ ದೇಹವು ಸ್ವಾಧೀನ ತಪ್ಪುತ್ತಿರಲು ಪತ್ನಿ ರೂತ್ ಅವರು ಆಸರೆಯಾಗಿ ನಿಂತರು. 1940ನೆಯ ಅಕ್ಟೋಬರ್ 8ರಂದು ಹೆಡ್ ಅವರು ದೇಹವನ್ನು ಬಿಟ್ಟರು. ಆಸ್ತಿಯ ಬಹುಭಾಗವು ರಾಯಲ್ ಸೊಸೈಟಿಯ ಮೂಲಕ ವೈದ್ಯವಿಜ್ಞಾನಕ್ಕೆ ಸಂದಿತು.

ಪರರ ನೋವಿಗೆ ಮರುಗುವವರು ಹಲವರು; ಅದನ್ನು ಅರಿಯುವುದಕ್ಕಾಗಿ ತಾವೇ ನೋವನ್ನು ಬರಮಾಡಿಕೊಂಡವರು ವಿರಳ. ಸಿದ್ಧಾಂತಗಳು ಕಾಲಕ್ಕೆ ತಕ್ಕಂತೆ ಬದಲಾಗಬಹುದು. ರೋಗಿಯ ಮೇಲೆ ಹೊರಿಸಲೊಲ್ಲದ ಭಾರವನ್ನು ತನ್ನ ಮೇಲೆ ಹೊತ್ತುಕೊಂಡ ಈ ವೈದ್ಯಧರ್ಮವು ಎಂದಿಗೂ ಮಾಸದು.